ಬೀದಿಯ ಚಿತ್ರದಲ್ಲಿ ನಾವು ಕಾಣುವುದೇನು?

ನಮ್ಮ ನಡುಮನೆಯ ಗೋಡೆಯ ಮೇಲೆ ಹಿರಿಯರ ಪಟಗಳು ಸಾಲಾಗಿ ತೂಗುತ್ತಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಅಜ್ಜ ಅಜ್ಜಿಯರದು. ಅಜ್ಜನವರು ಜರಿಯ ಪೇಟವನ್ನು ಧರಿಸಿ, ಬೆಳ್ಳಿಯ ಕಟ್ಟಿನ ಕೋಲನ್ನು ಹಿಡಿದು, ತೋಟ ಕೊಳಗಳನ್ನು ಬರೆದ ಪರದೆಯ ಮುಂದೆ ಕುರ್ಚಿಯ ಮೇಲೆ ಕುಳಿತಿದ್ದಾರೆ. ಅಜ್ಜಿಯವರು ಪಕ್ಕದಲ್ಲಿ ನಿಂತಿದ್ದಾರೆ. ಇಬ್ಬರ ಮುಖದಲ್ಲಿಯೂ ಸುಖವಿಲ್ಲ, ದುಃಖವಿಲ್ಲ. ಉಸಿರು ಬಿಗಿಹಿಡಿದವರ ಗಾಂಭೀರ್ಯವೊಂದೇ ಇದೆ. “ಅಲುಗಬೇಡಿ, ಇತ್ತ ನೋಡಿ” ಎಂದು ಪಟ ತೆಗೆಯುವವನು ಅಪ್ಪಣೆ ಮಾಡಿದನು. ಅವರು ಅಲುಗಲಿಲ್ಲ, ಅತ್ತ ನೋಡಿದರು. ಆ ಪಟದ ಚರಿತ್ರೆ ಇಷ್ಟೇ.

ಇದಲ್ಲದೆ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಗೈಯಗಲದ ಇನ್ನೊಂದು ಪಟವುಂಟು. ನಂಜನಗೂಡಿನ ದೊಡ್ಡ ತೇರಿನ ದಿವಸ ನಂಟರೊಬ್ಬರು ರಥಬೀದಿಯಲ್ಲಿ ನಿಂತು ತೆಗೆದದ್ದು. ಅವರಿಗೆ ಬೇಕಾಗಿದ್ದುದು ತೇರು. ಆದರೆ ತೇರಿನ ಕಳಶವು ಪಟದ ಹೊರಗೇ ಉಳಿದುಹೋಗಿದೆ. ಒಂದು ಅಂಚಿನಲ್ಲಿ, ಜಗಲಿಯ ಮೇಲೆ ಮಜ್ಜಿಗೆಯ ಕೊಳದಪ್ಪಲೆಯನ್ನಿಟ್ಟುಕೊಂಡು, ಸೌಟನ್ನು ಎತ್ತಿ ಹಿಡಿದು, ಮುಂದೆ ಕೈಯೊಡ್ಡಿ ನಿಂತ ಹುಡುಗನೊಬ್ಬನನ್ನು ನೋಡಿ ಬಾಯ್ತುಂಬ ನಗುತ್ತಿರುವ ಹೆಂಗಸೇ ನಮ್ಮ ಅಜ್ಜಿ. ತಾವು ಪಟದೊಳಕ್ಕೆ ಬೀಳುತ್ತಿರುವೆವೆಂಬ ಎಚ್ಚರ ಅವರಿಗಿರಲಿಲ್ಲ. ಅಜ್ಜಿಯವರು ತೀರಿಕೊಂಡ ಬಳಿಕ ಮಕ್ಕಳು ಮೊಮ್ಮಕ್ಕಳೆಲ್ಲರೂ ಸೇರಿದಾಗ ಗೋಡೆಯ ಮೇಲಿನ ದೊಡ್ಡ ಪಟವನ್ನು ಯಾರೂ ಕೇಳಲಿಲ್ಲ. ಈ ಚಿಕ್ಕ ಪಟಕ್ಕೆ ನಾಲ್ವರು ಕೈ ಚಾಚಿದರು. “ಇದೇ ಕಣೋ ನಮ್ಮಮ್ಮ!” ಎಂದು ನಮ್ಮ ಸೋದರತ್ತೆಯವರು ಕಣ್ಣೊರಸಿಕೊಂಡರು.

ಅಪ್ಪಣೆಯಿಂದ ತೆಗೆಸಿದ ಪಟದಲ್ಲಿ ಸಿಕ್ಕದ ಅಜ್ಜಿ, ಅಪ್ಪಣೆಯಿಲ್ಲದೆ ಒದಗಿದ ಪಟದಲ್ಲಿ ಸಿಕ್ಕಿದುದು ಹೇಗೆ? ನಂಟರ ಪಟವಾದುದರಿಂದ ನಮಗೆ ಅದು ಪ್ರಿಯವಾಯಿತೆನ್ನೋಣ. ಆದರೆ ನಾವು ಕಂಡರಿಯದ ಊರುಗಳ, ಹೆಸರರಿಯದ ಜನರ ಬೀದಿಯ ಚಿತ್ರಗಳೂ ಕೆಲವು ವೇಳೆ ನಮ್ಮನ್ನು ಹಿಡಿದು ನಿಲ್ಲಿಸುತ್ತವಷ್ಟೆ. ಅದಕ್ಕೆ ಕಾರಣವೇನು? ಈ ವಿಚಾರವನ್ನು ಕೆಲವು ಪ್ರಸಿದ್ಧವಾದ ಪಟಗಳನ್ನು ಮುಂದಿಟ್ಟುಕೊಂಡು ಸ್ವಲ್ಪ ನೋಡೋಣ.

ಬೀದಿಯ ಚಿತ್ರವೆಂದರೆ ರಸ್ತೆಯ ಚಿತ್ರವೆಂದಲ್ಲ. ಸಂತೆ, ರೈಲು ನಿಲ್ದಾಣ, ನದಿಯ ಸೋಪಾನ, ದೇವಸ್ಥಾನದ ಪ್ರಾಕಾರ, ಎಲ್ಲಿ ಯಾರು ಬೇಕಾದರೂ ಬರಬಹುದೋ ಅದೆಲ್ಲವೂ ಇಲ್ಲಿ ಬೀದಿಯೇ. ಚಿತ್ರಶಾಲೆಯಲ್ಲಿ ಪಟ ತೆಗೆಯುವವನು ಯಜಮಾನ. ಬೆಳಕು ಅವನು ಹೇಳಿದ ಕಡೆಯಿಂದ ಬರುತ್ತದೆ; ಜನ ಅವನು ಹೇಳಿದ ಹಾಗೆ ಕೂರುತ್ತಾರೆ. ಬೀದಿಯಲ್ಲಿ ಅವನು ಯಜಮಾನನಲ್ಲ. ಬಿಸಿಲು ಅವನ ಮಾತನ್ನು ಕೇಳುವುದಿಲ್ಲ. ದಾರಿಹೋಕರು ಅವನಿಗಾಗಿ ಕಾಯುವುದಿಲ್ಲ. ಈ ಕಲೆಯ ಕಷ್ಟವೂ ಸೊಗಸೂ ಈ ಒಂದು ನಿರಧಿಕಾರದಿಂದಲೇ ಹುಟ್ಟಿದುವೆಂದು ನಮಗೆ ತೋರುತ್ತದೆ.

ಮೊಟ್ಟಮೊದಲನೆಯ ನಿದರ್ಶನವೇ ಇದನ್ನು ಚೆನ್ನಾಗಿ ಹೇಳುತ್ತದೆ. ೧೮೩೮ ರಲ್ಲಿ ಫ್ರಾನ್ಸು ದೇಶದ ದಾಗೇರ್ ಎಂಬಾತನು ಪ್ಯಾರಿಸ್ ನಗರದಲ್ಲಿ ಎತ್ತರದ ಕಿಟಕಿಯೊಂದರಿಂದ ಕೆಳಗಿನ ಹೆದ್ದಾರಿಯ ಚಿತ್ರವನ್ನು ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ಹಿಡಿದನು. ಆ ಕಾಲದ ತಗಡಿಗೆ ಬೆಳಕು ತಾಕಿ ರೂಪ ಮೂಡಬೇಕಾದರೆ ಹಲವು ನಿಮಿಷಗಳು ಬೇಕಾಗಿದ್ದುವು. ಹಾಗಾಗಿ ಆ ಬೀದಿಯಲ್ಲಿ ಓಡಾಡುತ್ತಿದ್ದ ಬಂಡಿಗಳೂ ಕುದುರೆಗಳೂ ಜನರೂ ಗುರುತೇ ಇಲ್ಲದಂತೆ ಅಳಿಸಿಹೋದರು. ಮರಗಳೂ ಮನೆಗಳೂ ಉಳಿದುವು. ಅವುಗಳ ನಡುವೆ, ಒಂದು ಮೂಲೆಯಲ್ಲಿ, ಒಬ್ಬ ಮನುಷ್ಯನು ಮಾತ್ರ ಉಳಿದನು. ಆತನು ಒಂದು ಕಾಲನ್ನು ಮೇಲಕ್ಕಿಟ್ಟು ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳುತ್ತ ನಿಂತಿದ್ದನು. ಮೆರುಗು ಹಾಕುವವನು ಅವನ ಕಾಲಬಳಿ ಮಸುಕಾಗಿ ಕಾಣುತ್ತಾನೆ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರು ಇವರೇ ಎಂದು ಹೇಳುವುದುಂಟು.

ವಾಚಕರು ಒಂದು ಕ್ಷಣ ಆಲೋಚಿಸಬೇಕು. ಆ ದಿನ ಆ ದಾರಿಯಲ್ಲಿ ಸಿರಿವಂತರು ಸಾರೋಟಿನಲ್ಲಿ ಹೋಗಿರಬಹುದು. ಅಧಿಕಾರಿಗಳು ಅವಸರದಿಂದ ನಡೆದಿರಬಹುದು. ಒಬ್ಬರೂ ಉಳಿಯಲಿಲ್ಲ. ಧೂಳು ಮೆತ್ತಿದ ಪಾದರಕ್ಷೆಯನ್ನು ಶುಚಿಮಾಡಿಸಿಕೊಳ್ಳಲು ನಿಂತವನು ಚಿರಸ್ಥಾಯಿಯಾದನು. ಆತನು ಪಟಕ್ಕಾಗಿ ನಿಲ್ಲಲಿಲ್ಲ; ತನ್ನ ಕೆಲಸಕ್ಕಾಗಿ ನಿಂತನು. ಹೆಸರಿಲ್ಲದ ಆ ಮನುಷ್ಯನನ್ನು ನೋಡುವಾಗ ನಮ್ಮ ಮನಸ್ಸು ಕರಗುವುದು ಇದರಿಂದಲೇ. ಜಗತ್ತಿನ ಮಹಾಪ್ರವಾಹದಲ್ಲಿ ಸಾಮಾನ್ಯನಾದ ಒಬ್ಬನು ತನ್ನ ಪಾಡಿಗೆ ತಾನಿದ್ದುಕೊಂಡೇ ನಮ್ಮ ಕಣ್ಣಿಗೆ ಬಿದ್ದನು.

ಕಾಲ ಕಳೆದಂತೆ ಫಲಕಗಳು ಚುರುಕಾದುವು, ಯಂತ್ರಗಳು ಕಿರಿದಾದುವು. ಆದರೆ ಯಂತ್ರವು ಎಷ್ಟು ಚುರುಕಾದರೂ ಮನುಷ್ಯನಿಗೆ ತಾಳ್ಮೆ ಬೇಕಾಗಿಯೇ ಇದ್ದಿತು. ೧೮೯೩ ರ ಫೆಬ್ರವರಿ ೨೨ ರಂದು ಅಮೆರಿಕಾದ ಸ್ಟೀಗ್ಲಿಟ್ಸ್ ಎಂಬ ಛಾಯಾಚಿತ್ರಕಾರನು ನ್ಯೂಯಾರ್ಕ್ ನಗರದ ಐದನೆಯ ಹೆದ್ದಾರಿಯಲ್ಲಿ ಹಿಮದ ಬಿರುಗಾಳಿಗೆ ಮೈಯೊಡ್ಡಿ ಮೂರು ಗಂಟೆಗಳ ಕಾಲ ನಿಂತಿದ್ದನು. ಕೈಯಲ್ಲಿದ್ದುದು ಹಗುರವಾದ ಸಣ್ಣ ಕ್ಯಾಮರಾ; ಗುಂಡಿ ಒತ್ತುವುದು ಒಂದು ನಿಮಿಷದ ಕೆಲಸವೂ ಅಲ್ಲ. ಆದರೆ ಹಿಮವನ್ನು ಸೀಳಿಕೊಂಡು ಕುದುರೆಯ ಬಂಡಿಯೊಂದು ತನಗೆ ಬೇಕಾದ ಭಂಗಿಯಲ್ಲಿ ಎದುರಿಗೆ ಬರುವವರೆಗೂ ಆತನು ಕಾದನು. ಇಂದು ಆ ಪಟವನ್ನು ನೋಡುವವನಿಗೆ ಚಳಿ ತಾಕುತ್ತದೆ. ಬಂಡಿ ಹೊಡೆಯುವವನ ಪಾಡು ತಿಳಿಯುತ್ತದೆ. ಕಾಯುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಬೀದಿಯು ತಾನಾಗಿ ತೆರೆದು ಹೇಳುವವರೆಗೆ ಬಾಯಿ ಮುಚ್ಚಿಕೊಂಡಿರುವುದು.

೧೯೨೫ ರಲ್ಲಿ ಜರ್ಮನಿಯ ಲೈಕಾ ಎಂಬ ಕ್ಯಾಮರಾ ಅಂಗಡಿಗೆ ಬಂದಿತು. ಇದನ್ನು ರಚಿಸಿದವನು ಬಾರ್ನಾಕ್ ಎಂಬ ಕುಶಲಿ. ಚಲಚ್ಚಿತ್ರದ ಫಿಲ್ಮಿನ ಸುರುಳಿಯನ್ನೇ ಹಾಕಿ, ೨೪ ಮಿಲಿಮೀಟರು ಅಗಲ ೩೬ ಮಿಲಿಮೀಟರು ಉದ್ದದ ಪುಟ್ಟ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯಲು ಅದರಿಂದ ಸಾಧ್ಯವಾಯಿತು. ಮುಕ್ಕಾಲಿಯ ಹಂಗಿಲ್ಲ, ಕರಿಯ ಬಟ್ಟೆಯ ಮುಸುಕಿಲ್ಲ. ಪಟ ತೆಗೆಯುವವನು ತಾನೂ ಒಬ್ಬ ದಾರಿಹೋಕನಾದನು.

ಈ ಯಂತ್ರವನ್ನು ಕೈಯಲ್ಲಿ ಹಿಡಿದು ಲೋಕಪ್ರಸಿದ್ಧನಾದವನು ಫ್ರಾನ್ಸಿನ ಕಾರ್ಟಿಯೆ ಬ್ರೆಸ್ಸೋ (೧೯೦೮–೨೦೦೪). ೧೯೩೨ ರಲ್ಲಿ ಆತನು ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಪಟವೊಂದನ್ನು ಎಷ್ಟು ನೋಡಿದರೂ ತೃಪ್ತಿಯಿಲ್ಲ. ಮಳೆಯ ನೀರು ನಿಂತ ಬಯಲು. ನೀರಿನಲ್ಲಿ ಒಂದು ಏಣಿ ಮಲಗಿದೆ. ಅದರ ಮೇಲೆ ನಡೆದು ಬಂದ ಮನುಷ್ಯನೊಬ್ಬನು ಮುಂದೆ ದಾರಿಗಾಣದೆ ನೀರನ್ನು ದಾಟಲೆಂದು ಹಾರಿದ್ದಾನೆ. ಅವನ ಹಿಮ್ಮಡಿಗೂ ನೀರಿಗೂ ನಡುವೆ ಕೂದಲೆಳೆಯಷ್ಟು ಅಂತರ. ಕೆಳಗೆ ಅವನ ನೆರಳು ತಲೆಕೆಳಗಾಗಿ ಅವನನ್ನು ಎದುರುಗೊಳ್ಳುತ್ತಿದೆ. ಹಿಂದಿನ ಬೇಲಿಗೆ ಅಂಟಿಸಿದ ಜಾಹೀರಾತಿನಲ್ಲಿ ನರ್ತಕಿಯೊಬ್ಬಳು ಅವನ ಹಾಗೆಯೇ ಕಾಲು ಚಾಚಿ ಹಾರುತ್ತಿದ್ದಾಳೆ. ಅವಳದು ಕಲೆಯ ನೆಗೆತ, ಇವನದು ಪಾದರಕ್ಷೆ ನೆನೆಯಬಾರದೆಂಬ ನೆಗೆತ. ಎರಡೂ ಒಂದೇ ಆಕಾರ.

ಈ ಹೊಂದಾಣಿಕೆಯನ್ನು ಯಾರೂ ಏರ್ಪಡಿಸಲಿಲ್ಲ. ಬ್ರೆಸ್ಸೋ ಬೇಲಿಯ ಹಲಗೆಗಳ ಸಂದಿಯಲ್ಲಿ ಕ್ಯಾಮರಾವನ್ನು ತೂರಿಸಿ ಇದನ್ನು ತೆಗೆದನು. ಹಾಗಾದರೆ ಇದು ಬರಿಯ ಅದೃಷ್ಟವಲ್ಲವೆ ಎಂದು ಕೇಳಬಹುದು. ಅದೃಷ್ಟವೇ ಸರಿ. ಆದರೆ ಅದೃಷ್ಟವು ಬಾಗಿಲನ್ನು ತಟ್ಟುವಾಗ ಯಜಮಾನನು ಮನೆಯಲ್ಲಿರಬೇಕು, ನಿದ್ರಿಸುತ್ತಿರಬಾರದು. ಇನ್ನೂ ಒಂದು ಮಾತುಂಟು. ಆ ಮನುಷ್ಯನು ದಾಟಿದನೆ, ನೀರಿಗೆ ಬಿದ್ದನೆ ಎಂಬುದನ್ನು ಪಟವು ಹೇಳುವುದಿಲ್ಲ. ಅರ್ಧವನ್ನು ಹೇಳಿ ಅರ್ಧವನ್ನು ನಮ್ಮ ಮನಸ್ಸಿಗೆ ಬಿಡುತ್ತದೆ. ಒಳ್ಳೆಯ ಕಥೆ ಹೇಳುವ ಅಜ್ಜಿಯೂ “ಆಮೇಲೆ?” ಎಂದು ಮಗು ಕೇಳುವಂತೆ ನಿಲ್ಲಿಸುವಳಲ್ಲವೆ? ಬೀದಿಯ ಚಿತ್ರವು ಆ “ಆಮೇಲೆ?” ಎಂಬ ಮಾತನ್ನು ನಮ್ಮಿಂದ ಹೊರಡಿಸಬೇಕು.

ಇದೇ ಪ್ಯಾರಿಸ್ಸಿನಲ್ಲಿ ಇದಕ್ಕೆ ಮುಂಚೆ ಅಟ್ಜೆ (೧೮೫೭–೧೯೨೭) ಎಂಬಾತನಿದ್ದನು. ಭಾರವಾದ ಹಳೆಯ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು ನಗರದ ಹಳೆಯ ಓಣಿಗಳನ್ನೂ ಅಂಗಡಿಗಳ ಮುಂಭಾಗಗಳನ್ನೂ ಒಂದೊಂದಾಗಿ ತೆಗೆಯುತ್ತಿದ್ದನು. ಕಲೆಗಾರನೆಂಬ ಹೆಮ್ಮೆ ಅವನಿಗಿರಲಿಲ್ಲ. ಚಿತ್ರ ಬರೆಯುವವರಿಗೆ ಉಪಯೋಗವಾಗಲೆಂದು ಪಟಗಳನ್ನು ಮಾರಿ ಜೀವಿಸುತ್ತಿದ್ದನು. ೧೯೧೨ ರ ಏಪ್ರಿಲ್ ತಿಂಗಳಲ್ಲಿ ಸೂರ್ಯಗ್ರಹಣವಾದಾಗ ಚೌಕವೊಂದರಲ್ಲಿ ಜನ ನೆರೆದು, ಕಣ್ಣಿಗೆ ಗಾಜಿನ ತುಂಡುಗಳನ್ನು ಹಿಡಿದು ಆಕಾಶವನ್ನು ನೋಡುತ್ತಿದ್ದರು. ಅಟ್ಜೆ ಆಕಾಶಕ್ಕೆ ಬೆನ್ನು ಮಾಡಿ ಜನರನ್ನು ನೋಡಿದನು. ಆ ಪಟದಲ್ಲಿ ಸೂರ್ಯನಿಲ್ಲ, ಗ್ರಹಣವಿಲ್ಲ. ಮೇಲೆತ್ತಿದ ಮುಖಗಳ ಒಂದು ಗುಂಪು ಮಾತ್ರ ಇದೆ. ಸೂರ್ಯನ ಪಟವು ಖಗೋಳಶಾಸ್ತ್ರಜ್ಞರಿಗೆ ಸಿಕ್ಕೀತು. ಸೂರ್ಯನನ್ನು ನೋಡುತ್ತ ಹಿರಿಯರು ಕಿರಿಯರೆಂಬ ಭೇದವನ್ನು ಮರೆತ ಮನುಷ್ಯರ ಪಟವು ಬೀದಿಗೆ ಬೆನ್ನು ಹಾಕದವನಿಗೆ ಮಾತ್ರ ಸಿಕ್ಕುತ್ತದೆ. ನಮ್ಮ ನಂಟರೂ ತೇರನ್ನು ತೆಗೆಯಹೋಗಿ ಅಜ್ಜಿಯನ್ನು ತಂದರಷ್ಟೆ. ಅವರಿಗೆ ಅರಿಯದೆ ಆದುದನ್ನು ಅಟ್ಜೆ ಅರಿತು ಮಾಡಿದನು. ಅವನು ತೀರಿಕೊಂಡ ಬಳಿಕ ಅಮೆರಿಕಾದ ಬೆರೆನೀಸ್ ಆಬಟ್ ಎಂಬ ಮಹಿಳೆಯು ಅವನ ಫಲಕಗಳನ್ನು ಕೊಂಡು ಕಾಪಾಡಿದಳು. ಅವು ೧೯೬೮ ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದುವು.

ಇನ್ನು ಎರಡು ಕಠಿಣವಾದ ಪ್ರಶ್ನೆಗಳುಂಟು. ಮೊದಲನೆಯದು ಸತ್ಯದ ಪ್ರಶ್ನೆ. ೧೯೫೦ ರಲ್ಲಿ ದುವಾನೋ ಎಂಬ ಛಾಯಾಚಿತ್ರಕಾರನು ಪ್ಯಾರಿಸ್ಸಿನ ನಗರಸಭಾಭವನದ ಮುಂದಿನ ಜನಸಂದಣಿಯಲ್ಲಿ ಪ್ರಣಯಿಗಳಿಬ್ಬರು ಮೈಮರೆತು ಚುಂಬಿಸುತ್ತಿರುವ ಪಟವನ್ನು ತೆಗೆದನು. ಮುಂದೆ ಅದು ಲಕ್ಷಾಂತರ ಮನೆಗಳ ಗೋಡೆಗಳನ್ನೇರಿತು. ೧೯೯೦ ರ ಬಳಿಕ ಅದರ ವಿಷಯವಾಗಿ ನ್ಯಾಯಸ್ಥಾನದಲ್ಲಿ ವ್ಯಾಜ್ಯವಾದಾಗ, ನಾಟಕವಿದ್ಯೆಯನ್ನು ಕಲಿಯುತ್ತಿದ್ದ ತರುಣ ತರುಣಿಯರನ್ನು ಗೊತ್ತುಮಾಡಿಕೊಂಡು ಅದನ್ನು ತೆಗೆದುದೆಂದು ಹೊರಬಿದ್ದಿತು. ಅನೇಕರಿಗೆ ಮನಸ್ಸು ಮುರಿಯಿತು. ಪಟದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೂ ಅದರ ಸವಿ ಕೆಟ್ಟಿತೇಕೆ? ರಂಗಸ್ಥಳದ ಮೇಲೆ ನಟನು ಅತ್ತರೆ ನಾವು ಮೋಸವೆನ್ನುವುದಿಲ್ಲ. ನಾಟಕವೆಂದು ತಿಳಿದೇ ಹೋಗಿರುತ್ತೇವೆ. ಬೀದಿಯ ಚಿತ್ರವಾದರೋ “ಇದು ನಡೆಯಿತು, ನಾನು ನಡೆಯಿಸಲಿಲ್ಲ” ಎಂಬ ಒಂದು ಭಾಷೆಯನ್ನು ಮೌನವಾಗಿ ಕೊಟ್ಟಿರುತ್ತದೆ. ಆ ಭಾಷೆ ಮುರಿದರೆ ಅಂದವು ಉಳಿಯಬಹುದು, ವಿಶ್ವಾಸವು ಉಳಿಯುವುದಿಲ್ಲ.

ಎರಡನೆಯದು ಧರ್ಮದ ಪ್ರಶ್ನೆ. ಕೇಳದೆ ಒಬ್ಬರ ಮುಖವನ್ನು ತೆಗೆದುಕೊಳ್ಳಬಹುದೆ? ೧೮೭೭–೭೮ ರಲ್ಲಿ ಲಂಡನ್ನಿನಲ್ಲಿ ಥಾಮ್ಸನ್ ಎಂಬಾತನು ಬೀದಿಯ ಬಡವರ ಪಟಗಳನ್ನು ತೆಗೆದು, ಸ್ಮಿತ್ ಎಂಬ ಲೇಖಕನ ಬರಹದೊಡನೆ ತಿಂಗಳು ತಿಂಗಳಿಗೆ ಪ್ರಕಟಿಸಿದನು. ಅದರಲ್ಲಿ, ಕಲ್ಲಿನ ಮೆಟ್ಟಲಿನ ಮೇಲೆ ಕಂದನನ್ನು ಅಪ್ಪಿಕೊಂಡು ಸೋತು ಒರಗಿದ ಮುದುಕಿಯೊಬ್ಬಳ ಪಟವಿದೆ. ಕಂದನು ಅವಳದಲ್ಲ, ಕೆಲಸಕ್ಕೆ ಹೋದ ಇನ್ನೊಬ್ಬಳ ಮಗು. ನೋಡಿಕೊಂಡುದಕ್ಕೆ ಅವಳಿಗೆ ಸಿಕ್ಕುತ್ತಿದ್ದುದು ಒಂದಿಷ್ಟು ಚಹಾ, ರೊಟ್ಟಿ. ಸ್ಮಿತ್ ಅವಳೊಡನೆ ಮಾತನಾಡಿ ಅವಳ ಕಥೆಯನ್ನು ಬರೆದನು. ಆದುದರಿಂದ ಅವಳು ನಮಗೆ ದಾರಿದ್ರ್ಯದ ಒಂದು ಗೊಂಬೆಯಾಗಿ ಉಳಿಯದೆ, ಉಪಕಾರ ಮಾಡುವ ಒಬ್ಬ ಹೆಂಗಸಾಗಿ ಕಾಣುತ್ತಾಳೆ. ೧೯೧೬ ರಲ್ಲಿ ನ್ಯೂಯಾರ್ಕಿನ ಸ್ಟ್ರ್ಯಾಂಡ್ ಎಂಬಾತನು, ಬೇರೆ ಕಡೆಗೆ ತಿರುಗಿದಂತೆ ತೋರುವ ಹಾಗೆ ಮಾರ್ಪಡಿಸಿದ ಕ್ಯಾಮರಾದಿಂದ, “ಕುರುಡಿ” ಎಂಬ ಫಲಕವನ್ನು ಕೊರಳಿಗೆ ತೂಗುಹಾಕಿಕೊಂಡ ಹೆಂಗಸಿನ ಪಟವನ್ನು ತೆಗೆದನು. ಅದು ಮಹತ್ತಾದ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೂ, ನೋಡಲಾರದವಳನ್ನು ಮರೆಯಿಂದ ನೋಡಿದ ಸಂಕೋಚವು ಅದನ್ನು ನೋಡುವ ನಮಗೂ ಸ್ವಲ್ಪ ಅಂಟಿಕೊಳ್ಳುತ್ತದೆ.

ಈ ವಿಷಯದಲ್ಲಿ ಲೇಖಕನಿಗೆ ಪಾಠ ಹೇಳಿದವಳು ಮೈಸೂರಿನ ಮಾರುಕಟ್ಟೆಯ ಒಬ್ಬ ಹೂವಾಡಗಿತ್ತಿ. ಮಲ್ಲಿಗೆಯ ರಾಶಿಯ ಹಿಂದೆ ಅವಳು ಕುಳಿತಿದ್ದ ಬೆಡಗನ್ನು ಕಂಡು ನಾನು ಮೊಬೈಲ್ ಫೋನನ್ನು ಎತ್ತಿದೆನು. ಅವಳು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡು, “ಯಾಕಪ್ಪಾ, ನಾನೇನು ಅಂಗಡೀಲಿಟ್ಟಿರೋ ಬೊಂಬೇನಾ?” ಎಂದಳು. ನನ್ನ ಕೈ ತಾನಾಗಿ ಕೆಳಗಿಳಿಯಿತು. ತಪ್ಪಾಯಿತೆಂದು ಹೇಳಿ, ಎರಡು ಮೊಳ ಹೂವು ಕೊಂಡು ಮನೆಗೆ ಬಂದೆನು. ಬಳಿಕ ಅತ್ತ ಹೋದಾಗಲೆಲ್ಲ ಅವಳಲ್ಲಿಯೇ ಹೂವು ಕೊಳ್ಳುವುದು ವಾಡಿಕೆಯಾಯಿತು. ಒಂದು ದಿವಸ ಅವಳೇ, “ಅವತ್ತು ಪಟ ತೆಗೀಬೇಕು ಅಂತಿದ್ದಲ್ಲ, ತಕ್ಕೊ” ಎಂದಳು. ಹೇಳಿ, ಬಿಗಿದುಕೊಂಡು ಕುಳಿತಳು. ನಾನು ತೆಗೆಯಲಿಲ್ಲ. ಗಿರಾಕಿಗಳು ಬಂದರು, ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆಯನ್ನೆಳೆದು ಅಳೆಯುತ್ತ, ಪಕ್ಕದವಳೊಡನೆ ಏನನ್ನೋ ಹೇಳಿ ನಕ್ಕಳು, ನನ್ನನ್ನು ಮರೆತೇಬಿಟ್ಟಳು. ಆಗ ತೆಗೆದು ತೋರಿಸಿದೆನು. ಬಹಳ ಹೊತ್ತು ನೋಡಿ, “ನಮ್ಮವ್ವನಂಗೇ ಕಾಣ್ತೀನಲ್ಲಪ್ಪಾ!” ಎಂದಳು. ಎಚ್ಚರವಿಲ್ಲದ ಮುಖವನ್ನು ಕದಿಯಬೇಕಾದುದಿಲ್ಲ. ವಿಶ್ವಾಸವಿದ್ದಲ್ಲಿ ಜನ ತಾವಾಗಿ ನಮ್ಮನ್ನು ಮರೆಯುತ್ತಾರೆಂದು ಅಂದು ತಿಳಿಯಿತು. ಗುರುತಿಲ್ಲದ ಊರಿನಲ್ಲಿ ಇಷ್ಟು ಅವಕಾಶವಿಲ್ಲದಿರಬಹುದು. ಅಲ್ಲಿಯೂ ಒಂದು ಒರೆಗಲ್ಲುಂಟು: ಪಟದಲ್ಲಿರುವವರು ನಮ್ಮ ಪಕ್ಕದಲ್ಲಿಯೇ ನಿಂತು ಅದನ್ನು ನೋಡಿದರೆ ನಾವು ತಲೆ ತಗ್ಗಿಸಬೇಕಾದೀತೆ?

ಈ ಕಲೆಗೆ ದೊಡ್ಡ ಪದವಿಯೂ ಬೇಡ, ದೂರದ ಪ್ರಯಾಣವೂ ಬೇಡ ಎಂಬುದಕ್ಕೆ ವಿವಿಯನ್ ಮಾಯರ್ (೧೯೨೬–೨೦೦೯) ಎಂಬವಳು ಸಾಕ್ಷಿ. ಅಮೆರಿಕಾದ ಶಿಕಾಗೋ ಪ್ರಾಂತದಲ್ಲಿ ಪರರ ಮಕ್ಕಳನ್ನು ಸಾಕುವ ದಾದಿಯಾಗಿ ಅವಳು ದಶಕಗಳನ್ನು ಕಳೆದಳು. ಮಕ್ಕಳನ್ನು ತಿರುಗಾಡಿಸಲು ಹೋದಾಗಲೂ ಬಿಡುವಿನ ದಿನಗಳಲ್ಲಿಯೂ ಕ್ಯಾಮರಾ ಅವಳ ಕೊರಳಲ್ಲಿರುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಳು. ಎಷ್ಟೋ ಸುರುಳಿಗಳನ್ನು ತೊಳೆಸಲೂ ಇಲ್ಲ. ೨೦೦೭ ರಲ್ಲಿ ಬಾಡಿಗೆ ಸಲ್ಲದೆ ಅವಳ ಸಾಮಾನುಗಳು ಹರಾಜಾದಾಗಲೇ ಅವು ಹೊರಬಂದುವು. ಕೀರ್ತಿ ಬಂದುದು ಅವಳು ಸತ್ತ ಬಳಿಕ. ಮಗುವಿನ ಕೈ ಹಿಡಿದು ನಡೆಯುವವಳಿಗೆ ಅವಸರವಿರುವುದಿಲ್ಲ. ಮಗು ನಿಂತಲ್ಲಿ ನಿಲ್ಲಬೇಕು, ಅದು ತೋರಿಸಿದುದನ್ನು ನೋಡಬೇಕು. ಆ ಅಭ್ಯಾಸವೇ ಅವಳ ಕಣ್ಣನ್ನು ಹದಗೊಳಿಸಿರಬೇಕೆಂದು ನಮ್ಮ ಊಹೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆಯ ಬಲ್ಲಿದರು ಆಗಿಹೋಗಿದ್ದಾರೆ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಅರ್ಧ ಶತಮಾನಕ್ಕೂ ಮಿಕ್ಕಿ, ದೊಡ್ಡವರ ಸಭೆಗಳಿಗಿಂತ ಸಾಮಾನ್ಯರ, ಅದರಲ್ಲಿಯೂ ಮಕ್ಕಳ ದಿನಚರಿಯನ್ನು ಪ್ರೀತಿಯಿಂದ ಸೆರೆಹಿಡಿದರು. ೧೯೭೭ ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ೧೯೯೫ ರಲ್ಲಿ ರಘು ರೈ ಅವರು ಮುಂಬಯಿಯ ಚರ್ಚ್‌ಗೇಟ್ ರೈಲು ನಿಲ್ದಾಣದಲ್ಲಿ ಒಂದು ಪಟವನ್ನು ತೆಗೆದರು. ಚುರುಕಾದ ಯಂತ್ರವಿದ್ದರೂ ಬೇಕೆಂದೇ ನಿಧಾನವಾಗಿ ಬೆಳಕನ್ನು ಬಿಟ್ಟರು. ಅವಸರದಿಂದ ಹರಿದುಹೋಗುವ ಸಾವಿರಾರು ಜನರು ಮಂಜಿನಂತೆ ಕರಗಿಹೋದರು. ವೃತ್ತಪತ್ರಿಕೆಯನ್ನು ಓದುತ್ತ ನಿಂತ ಕೆಲವರು ಮಾತ್ರ ಸ್ಫುಟವಾಗಿ ಉಳಿದರು. ೧೮೩೮ ರಲ್ಲಿ ಪಾದರಕ್ಷೆಗಾಗಿ ನಿಂತವನ ಬಂಧುಗಳೇ ಇವರು! ದಾಗೇರನಿಗೆ ಯಂತ್ರದ ದೌರ್ಬಲ್ಯದಿಂದ ಒದಗಿದುದನ್ನು ಇವರು ವಿವೇಕದಿಂದ ಪಡೆದರು.

ಈಗ ಮನೆಮನೆಯಲ್ಲಿಯೂ, ಕೈಕೈಯಲ್ಲಿಯೂ ಪಟ ತೆಗೆಯುವ ಯಂತ್ರವಿದೆ. ದಿವಸಕ್ಕೆ ನೂರು ಪಟ ತೆಗೆಯುವವರೂ ಉಂಟು; ಅವುಗಳಲ್ಲಿ ಎರಡನೆಯ ಸಲ ನೋಡಬೇಕೆನಿಸುವುದು ಒಂದೂ ಇಲ್ಲವೆಂದು ಅವರೇ ಕೊರಗುವರು. ಚಿತ್ರಶಾಲೆಯ ಅಪ್ಪಣೆಯನ್ನು ನಾವು ಬೀದಿಗೂ ಮನೆಗೂ ತಂದಿದ್ದೇವೆ: “ನಗು, ಇತ್ತ ನೋಡು, ಇನ್ನೊಂದು ಸಲ!” ಮುಂದಿನ ಹಬ್ಬದಲ್ಲಿ ಒಂದು ಪಟವನ್ನಾದರೂ ಅಪ್ಪಣೆಯಿಲ್ಲದೆ ತೆಗೆದು ನೋಡಬಾರದೆ? ಬೀದಿಯ ತಿರುವಿನಲ್ಲಿ ಹಾಲಿನವನು, ಜಗಲಿಯ ಮೇಲೆ ಸೊಪ್ಪು ಸೋಸುವ ನೆರೆಯಾಕೆ, ಶಾಲೆಯಿಂದ ಬರುವ ಮಕ್ಕಳು, ಇವರೆಲ್ಲರೂ ಇಂದು ಸಾಮಾನ್ಯರು. ನಾಳೆ ಇವರಿಲ್ಲದ ಬೀದಿ ಯಾವ ಬೀದಿ?

ಪೆಟ್ಟಿಗೆಯಲ್ಲಿದ್ದ ಆ ಚಿಕ್ಕ ಪಟದ ಪ್ರತಿಯೊಂದು ಈಗ ನಾಲ್ಕು ಮನೆಗಳಲ್ಲಿಯೂ ಇದೆ. ತೇರು ಇನ್ನೂ ಕಳಶವಿಲ್ಲದೆ ನಿಂತಿದೆ. ಅಜ್ಜಿಯವರ ಸೌಟು ಇನ್ನೂ ಮೇಲೆತ್ತಿದಂತೆಯೇ ಇದೆ. ಆ ಹುಡುಗನು ಯಾರ ಮಗನೋ, ಈಗ ಎಲ್ಲಿ ಮುಪ್ಪಾಗಿರುವನೋ! ಅವನ ಬೊಗಸೆಗೆ ಮಜ್ಜಿಗೆ ಬಿದ್ದಿತೆ ಎಂಬುದನ್ನು ಪಟವು ಹೇಳುವುದಿಲ್ಲ. ಆದರೆ ಆ ನಗೆಯನ್ನು ನೋಡಿದವರಾರೂ ಅದನ್ನು ಕೇಳುವುದಿಲ್ಲ.